ಆಸ್ಲತನ ಬೆಲ್ಟಿನ ಹೊಸ ತೂತು

ಆ ವರ್ಷ ಹಿಮ ಬೀಳುವ ಮುನ್ನ ಆ ಮನೆಯಲ್ಲೊಂದು ಘನವಾದ ಪ್ರಶ್ನೆ ಎದ್ದಿತು. ಎಲ್ಲರೂ ಒಟ್ಟಾಗಿ ಕೂತು, ಒಂದು ಕೆಟಲ್ ಕಾಫಿ ಮುಗಿಸಿ ಇನ್ನೊಂದನ್ನು ಒಲೆಗಿಟ್ಟು, ಎಲ್ಲ ಮಗ್ಗುಲಿನಿಂದಲೂ ವಿಚಾರ ಮಾಡಿದರು. ಆಸ್ಲತ್ ಮುದುಕನ ಬೆಲ್ಟಿಗೆ ಇನ್ನೊಂದು ತೂತು ಹಾಕಬೇಕೇ ಬೇಡವೇ ಎಂಬುದೇ ಆ ಪ್ರಶ್ನೆ.

ಬೆಲ್ಟು ಮುದುಕನ ಮದುವೆಯ ಕಾಲದ್ದು. ಅಗಲವಾದ ಹಿಮಸಾರಂಗದ ಚರ್ಮ, ಹಿತ್ತಾಳೆಯ ಕೊಂಡಿ, ಪಕ್ಕದಲ್ಲಿ ಕೊಂಬಿನ ಒರೆ, ಒರೆಯೊಳಗೆ ಚಾಕು. ಮಾಡಿದವನು ಹಾಕಿಕೊಟ್ಟಿದ್ದ ತೂತುಗಳೆಲ್ಲ ಮುಗಿದು, ವಸಂತದಲ್ಲೊಂದು ಬೇಸಿಗೆಯಲ್ಲೊಂದು ಹೊಸದು ಸೇರಿಕೊಂಡಿದ್ದವು. ಈಗ ಅವೂ ಸಾಲದೆ ಪ್ಯಾಂಟು ಜಾರುತ್ತಿತ್ತು.

"ಚರ್ಮ ಹಿಗ್ಗಿದೆ, ಇನ್ನೇನಿಲ್ಲ" ಎಂದು ತೀರ್ಪು ಕೊಟ್ಟಳು ಮುದುಕನ ತಂಗಿ ರಾವ್ದನಾ. ಅಂಗಳದಾಚೆಯ ಪುಟ್ಟ ಮನೆ ಅವಳದು. ಊಟಕ್ಕೂ ಕಾಫಿಗೂ ತೀರ್ಪಿಗೂ ಈ ಮನೆಗೇ ಬರುತ್ತಿದ್ದಳು. "ಆ ಹಿಮಸಾರಂಗ ಬದುಕಿದ್ದಾಗಲೇ ಶುದ್ಧ ಸೋಮಾರಿ. ಸತ್ತ ಮೇಲೆ ಚರ್ಮ ಬಿಗಿಯಾಗಿರು ಅಂದ್ರೆ ಇರುತ್ತಾ?"

"ಇಷ್ಟು ವರ್ಷ ಹಿಗ್ಗದೇ ಇದ್ದದ್ದು ಈಗ ಹಿಗ್ತಾ ಅತ್ತೆ?" ಎಂದ ಮುದುಕನ ಮಗ ಮಾಹ್ತೆ.

"ವಯಸ್ಸಾದ ಮೇಲೆ ಎಲ್ಲಾ ಹಿಗ್ಗುತ್ತೆ ಕಣೋ. ನಿನ್ನ ಹೆಂಡ್ತೀನ ನೋಡು."

ಎಲ್ಲರೂ ನಕ್ಕರು, ಹೆಂಡತಿ ಗಾಡ್ಜಾಳೂ ನಕ್ಕಳು. ಬೆಲ್ಟು ಹಿಗ್ಗದೆ ಅದರೊಳಗಿನ ಮನುಷ್ಯನೇ ಕುಗ್ಗಿರಬಹುದು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮಾಹ್ತೆ ದಬ್ಬಳ ಹುಡುಕಿ ತಂದ. ಹಿಂದಿನ ಎರಡು ತೂತನ್ನು ಮುದುಕ ತಾನೇ ಹಾಕಿಕೊಂಡಿದ್ದ. ಈ ಸಲ ಮಾತ್ರ, "ಕನ್ನಡಕ ಎಲ್ಲಿಟ್ಟೆನೋ ಕಾಣೆ, ನೀನೇ ಹಾಕು" ಎಂದ. ಕನ್ನಡಕ ಅವನ ಮೂಗಿನ ಮೇಲೇ ಇತ್ತು. ಗಾಡ್ಜಾ ಅದನ್ನು ನೋಡಿದಳು.

ಭೂಮಿಯ ಉತ್ತರ ತುದಿಯ ನಮ್ಮ ಸಾಮಿ ಜನರಲ್ಲಿ ಗಾಡ್ಜಾ ಕಡಲತೀರದವರ ಮಗಳು. ಮೀನು ಹಿಡಿಯುವ ಮನೆಯಿಂದ ಹಿಮಸಾರಂಗ ಸಾಕುವ ಈ ಬಯಲಿನ ಮನೆಗೆ ಬಂದು ಅವಳ ತಲೆ ನರೆತಿದ್ದರೂ ರಾವ್ದನಾಳ ಲೆಕ್ಕದಲ್ಲಿ ಅವಳಿನ್ನೂ 'ಮೀನಿನೋಳು'. ಹಗಲು ಹೊತ್ತು ಊರಿನ ಶಿಶುವಿಹಾರದಲ್ಲಿ ಅವಳಿಗೆ ಅಡುಗೆ ಕೆಲಸ. ಅಲ್ಲಿ ಅವಳು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಾಡನ್ನು, ಗಜ್ಜರಿಯನ್ನು, ಬ್ರೆಡ್ಡನ್ನು ಸಣ್ಣ ಸಣ್ಣಗೆ ಹೆಚ್ಚುತ್ತಿದ್ದಳು. ಮನೆಗೆ ಬಂದರೆ ಹೆಚ್ಚುವ ಕೆಲಸವೇ ಇರಲಿಲ್ಲ.

ಏಕೆಂದರೆ ನಮ್ಮ ಬಯಲಿನಲ್ಲಿ ಊಟವೆಂದರೆ ಮೇಜಿನ ನಡುವೆ ಒಂದು ದೊಡ್ಡ ಪಾತ್ರೆ, ಅದರಲ್ಲಿ ಬೆಂದ ಮೂಳೆಬಾಡು. ಬೇಕಾದ ತುಂಡನ್ನು ಎತ್ತಿಕೊಂಡು, ಸೊಂಟದ ಚಾಕು ಹಿರಿದು, ತಾನೇ ಕೊಯ್ದು ತಿನ್ನಬೇಕು. 'ಇನ್ನೊಂಚೂರು ಹಾಕ್ಕೊಳ್ಳಿ' ಎಂಬ ಉಪಚಾರವಿಲ್ಲ. ಹೊಟ್ಟೆ ಅವನದು, ಕೈ ಅವನದು, ಚಾಕು ಅವನದು, ನಡುವೆ ನೀನ್ಯಾರು? ಹಾಲುಹಲ್ಲಿನ ಕೂಸಿಗೆ ತಾಯಿ ಕೊಯ್ದು ಕೊಡುತ್ತಾಳೆ. ಕೂಸಿನ ಕೈಗೆ ಅದರದೇ ಚಾಕು ಬಂದ ದಿನದಿಂದ, ಅದು ಮುದಿಯಾಗಿ ಸಾಯುವವರೆಗೆ, ಅದರ ತಟ್ಟೆಯ ಮೂಳೆಗೆ ಇನ್ನೊಬ್ಬರು ಚಾಕು ಹಾಕುವಂತಿಲ್ಲ. ಹಾಕಿದರೆ ಆ ಮನುಷ್ಯ ಮನುಷ್ಯರ ಲೆಕ್ಕದಿಂದ ಹೊರಗಾದ ಎಂದೇ ಅರ್ಥ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಡು ಕಟ್ಟುತ್ತಾರೆ.

ನದಿಯ ಮೇಲ್ದಡದ ಪಿಯೆರಾನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಅವನ ಹೆಂಡತಿ, ಹಿಂಡು ಕೂಡಿಸುವ ಕಾಲದಲ್ಲಿ, ಎಲ್ಲರ ಎದುರಿಗೇ ಅವನ ಬಾಡನ್ನು ಕೊಯ್ದು ಕೊಟ್ಟಿದ್ದಳು. ಸಂಜೆಯೊಳಗೆ ಅವನ ಮೇಲೆ ಹಾಡು ಹುಟ್ಟಿತ್ತು:

*ಪಿಯೆರಾ ಪಿಯೆರಾ ಕೊಕ್ಕು ತೆರಿ,*
*ಗುಟುಕು ಬಂತು ನುಂಗು ಮರಿ.*

ಎರಡೇ ಸಾಲು. ಮಿಕ್ಕಿದ್ದೆಲ್ಲ ಹಕ್ಕಿಮರಿಯ ಚಿಲಿಪಿಲಿ. ಬಯಲಿಗೆ ಬಯಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಿಯೆರಾ ಆಮೇಲೆ ನಾಲ್ಕು ಜನ ಸೇರುವ ಕಡೆ ಬರುವುದನ್ನು ಬಿಟ್ಟ, ಮುಂದಿನ ವಸಂತದಲ್ಲಿ ಸತ್ತ. ಯಾವುದರಿಂದ ಸತ್ತ ಎಂದು ಯಾರೂ ಕೇಳಲಿಲ್ಲ. ಅವನು ಸತ್ತರೂ ಹಾಡು ಸಾಯಲಿಲ್ಲ, ಅಷ್ಟು ಚೆನ್ನಾಗಿತ್ತು. ಅದನ್ನು ಕಟ್ಟಿದವನು ಆಸ್ಲತ್. ಆಗ ಅವನ ಕೈ ನಡುಗುತ್ತಿರಲಿಲ್ಲ.

*

ಬೆಲ್ಟಿನ ಪ್ರಶ್ನೆ ಬಗೆಹರಿದ ಮೇಲೆ ಮನೆಗೆ ಎರಡನೆಯ ಚಿಂತೆ ಹತ್ತಿತು: ನಾಯಿ ದಪ್ಪಗಾಗಿತ್ತು.

ಚಾಪ್ಪಾ ಎಂಬ ಆ ಕರಿನಾಯಿ ಒಂದು ಕಾಲದಲ್ಲಿ ಹಿಂಡಿನ ಸುತ್ತ ಗಾಳಿಯಂತೆ ಓಡುತ್ತಿತ್ತು. ಈಗ ನಾಲ್ಕು ಹೆಜ್ಜೆ ಓಡಿ ಕೂತುಬಿಡುತ್ತಿತ್ತು. ಮಾಹ್ತೆ ಅದನ್ನು ಕಾರಿನಲ್ಲಿ ಹಾಕಿಕೊಂಡು ಪಶುವೈದ್ಯೆಯ ಹತ್ತಿರ ಹೋದ. ಅವಳು ತೂಕ ಮಾಡಿ, ಹೊಟ್ಟೆ ಒತ್ತಿ ನೋಡಿ, "ಇದಕ್ಕೆ ಬಾಡು ಹಾಕೋದು ನಿಲ್ಲಿಸಿ" ಎಂದಳು. ಬಾಡು ಯಾರು ಹಾಕುತ್ತಾರೆ, ಅಂಗಡಿಯ ಒಣ ನಾಯಿಕಾಳು ಮಾತ್ರ ಎಂದು ಮಾಹ್ತೆ ಆಣೆ ಮಾಡಿದ. "ಹಾಗಾದ್ರೆ ಗಾಳಿ ಕುಡಿದು ಊದಿರಬೇಕು" ಎಂದಳಂತೆ.

ನಾಯಿಯ ಊಟವನ್ನು ಅರ್ಧ ಮಾಡಿದರು. ನಾಯಿ ಇನ್ನಷ್ಟು ದಪ್ಪಗಾಯಿತು.

ಆಗ ಗಾಡ್ಜಾ ಮೇಜಿನ ಕೆಳಗೆ ನೋಡಿದಳು. ಚಮಚ ಬಿದ್ದ ನೆಪ ಮಾಡಿ ಬಗ್ಗಿದರೆ, ಚಾಪ್ಪಾ ಮಾವನ ಮೊಣಕಾಲಿಗೆ ಗದ್ದವಿಟ್ಟು ಕೂತಿದೆ. ಅದರ ಬಾಯಲ್ಲಿ ತುಂಬು ಬಾಡಿನ ಪಕ್ಕೆಮೂಳೆ. ಚಾಕುವಿನ ಒಂದು ಗೀರೂ ಬಿದ್ದಿಲ್ಲ. ಅವಳು ಎದ್ದು ಕೂತು ಮೇಲುಗಡೆಯನ್ನೂ ನೋಡಿದಳು. ಮುದುಕ ಚಾಕು ಹಿರಿದು ಹಿಡಿದಿದ್ದ. ಅದನ್ನು ಇನ್ನೊಂದು ಮೂಳೆಯ ಮೇಲೆ ಒರಗಿಸಿಟ್ಟುಕೊಂಡು, ಬಾಯಲ್ಲಿ ಏನೂ ಇಲ್ಲದಿದ್ದರೂ ದವಡೆ ಆಡಿಸುತ್ತಿದ್ದ. ಒರಗಿಸಿದ ಅಲಗು ಮೂಳೆಗೆ ತಾಗಿ ಸಣ್ಣಗೆ ಟಕಟಕ ಎನ್ನುತ್ತಿತ್ತು. ಇಷ್ಟು ದಿನ ಅವಳು ಆ ಸದ್ದನ್ನು ಒಲೆಯ ಮೇಲಿನ ಮುಚ್ಚಳದ್ದು ಎಂದುಕೊಂಡಿದ್ದಳು.

"ಆಯ್ತು, ಹೊಟ್ಟೆ ತುಂಬ್ತು" ಎಂದು ಮುದುಕ ಚಾಕು ಒರೆಸಿ ಒರೆಗೆ ಸೇರಿಸಿದ. ಒರೆಯ ಬಾಯಿ ಸಿಕ್ಕಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಾಫಿಯನ್ನು ಸಾಸರಿಗೆ ಸುರಿದುಕೊಂಡು, ಸಾಸರನ್ನು ಎತ್ತದೆ, ತಾನೇ ಅದರತ್ತ ಬಗ್ಗಿ ಹೀರಿದ. ಹಳಬರು ಹಾಗೇ ಕುಡಿಯುವುದು ಎಂದು ಎಲ್ಲರೂ ತಿಳಿದಿದ್ದರು. ಹಗಲು ಮನೆಯಲ್ಲಿ ಯಾರೂ ಇಲ್ಲದಾಗ ಕಾಫಿಗೆ ಬಿಸ್ಕತ್ತು ಅದ್ದಿ ತಿನ್ನುತ್ತಾನೆ ಎಂಬುದು ಡಬ್ಬ ನೋಡಿದರೆ ಗೊತ್ತಾಗುತ್ತಿತ್ತು. ಆ ಮನುಷ್ಯ ಅಷ್ಟರಲ್ಲೇ ಬದುಕಿದ್ದ. ಹಿಂದಿನ ಕೋಣೆಯ ಮೂರು ಫ್ರೀಜರಿನಲ್ಲೂ ಮುಚ್ಚಳ ಕೂರದಷ್ಟು ಬಾಡಿತ್ತು.

*

ಗಾಡ್ಜಾ ಮೊದಲು ಉಪಾಯದ ದಾರಿ ಹಿಡಿದಳು. ಶಿಶುವಿಹಾರದಲ್ಲಿ ಮಾಡುವಂತೆ ಬಾಡು ಕೊಚ್ಚಿ, ಉಂಡೆ ಕಟ್ಟಿ, ಸಾರಿನಲ್ಲಿ ಬೇಯಿಸಿ ಒಂದು ಡಬ್ಬದಲ್ಲಿಟ್ಟಳು. "ಮಾವ, ಅಲ್ಲೇನೋ ಉಳಿದದ್ದಿದೆ. ಹಸಿವಾದ್ರೆ ನೋಡಿ" ಎಂದು ಯಾವುದೋ ಕೆಲಸಕ್ಕೆ ಬಾರದ ವಿಷಯ ಹೇಳುವಂತೆ ಹೇಳಿದಳು. ಎರಡು ದಿನ ಡಬ್ಬ ಖಾಲಿಯಾಯಿತು. ಅವಳಿಗೆ ಹಾಡು ಹೇಳುವಷ್ಟು ಖುಷಿಯಾಯಿತು. ಮಾರನೆಯ ದಿನ ರಾವ್ದನಾ ಹಾಲು ಹುಡುಕುತ್ತಾ ಫ್ರಿಜ್ಜಿನ ಬಾಗಿಲು ತೆಗೆದಳು.

"ಇದೇನೇ ಇದು? ಮನೇಲಿ ಕೂಸು ಹುಟ್ತಾ? ನಮಗ್ಯಾರಿಗೂ ಹೇಳ್ಲೇ ಇಲ್ಲ!"

ಮುದುಕ ಕಿಟಕಿಯ ಹತ್ತಿರ ಕೂತಿದ್ದ. "ಹಲ್ಲು ಬಾರದೋರು ಯಾರಿದ್ದಾರೋ ಈ ಮನೇಲಿ" ಎಂದು ತಾನೂ ನಕ್ಕ, ತಂಗಿಗಿಂತ ಜೋರಾಗಿ. ಆಮೇಲೆ ಆ ಡಬ್ಬವನ್ನು ಅವನು ಮುಟ್ಟಲಿಲ್ಲ.

ಗಾಡ್ಜಾ ಊರಿನ ನರ್ಸನ್ನು ಕರೆಸಿದಳು. ಅವಳು ದಕ್ಷಿಣದಿಂದ ಬಂದವಳು, ಕೆಟ್ಟವಳಲ್ಲ. ಮೇಜಿನ ಹತ್ತಿರ ಕೂತು, ತಂಗಿ, ಮಗ, ಸೊಸೆ ಎಲ್ಲರ ಎದುರಿಗೆ, ಸ್ಪಷ್ಟವಾಗಿ ದೊಡ್ಡ ದನಿಯಲ್ಲಿ ಕೇಳಿದಳು: "ಊಟ ಮಾಡೋದಕ್ಕೆ ನಿಮಗೆ ಯಾರಾದ್ರೂ ಸಹಾಯ ಮಾಡ್ಬೇಕಾ? ಕತ್ತರಿಸಿಕೊಡೋದು, ತಿನ್ನಿಸೋದು?"

ಕೋಣೆಯಲ್ಲಿದ್ದವರೆಲ್ಲ ಬೇರೆ ಬೇರೆ ಕಡೆ ನೋಡಿದರು. ಮುದುಕ ಚಾಕು ತೆಗೆದು ಮೇಜಿನ ಮೇಲೆ ಅವಳತ್ತ ಜಾರಿಸಿದ. "ಹಿಡಿದು ನೋಡಮ್ಮ. ಕೂದಲು ಸೀಳುತ್ತೆ."

ನರ್ಸು ಹೆಬ್ಬೆರಳಲ್ಲಿ ಅಲಗು ಮುಟ್ಟಿ, "ಅಬ್ಬಾ!" ಎಂದು ಮೆಚ್ಚಿದಳು. ಚಾಕು ಹರಿತವಾಗಿತ್ತು, ಸುಳ್ಳಲ್ಲ. ಪ್ರತಿ ವಾರ ಮಾಹ್ತೆಯೇ ಅದನ್ನು ಮಸೆದು ಕೊಡುತ್ತಿದ್ದ. ನರ್ಸು ಹೋಗುವಾಗ ಶಕ್ತಿಗೆಂದು ಸ್ಟ್ರಾಬೆರಿ ವಾಸನೆಯ ಹಾಲಿನ ಪುಟ್ಟ ಬಾಟಲಿಗಳನ್ನು ಕೊಟ್ಟಳು. ಮುದುಕ ಅವನ್ನು ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿ, "ಹುಡುಗಿಯಾಗಿದ್ರೆ ಮುಖಕ್ಕೆ ಹಚ್ಕೋಬಹುದಿತ್ತು" ಎಂದ.

ಕೊನೆಗೆ ಗಾಡ್ಜಾ ಗಂಡನೊಡನೆ ಮಾತಾಡಿದಳು. ಮಾಹ್ತೆ ಕೊಟ್ಟಿಗೆಯಲ್ಲಿ ಹಿಮವಾಹನದ ಹೊಟ್ಟೆ ಬಿಚ್ಚಿ ಕೂತಿದ್ದ. ತಾನು ಮೇಜಿನ ಕೆಳಗೆ ಕಂಡದ್ದನ್ನು ಅವಳು ಹೇಳಿದಳು. ಅವನು ಬಹಳ ಹೊತ್ತು ಒಂದೇ ಬೋಲ್ಟನ್ನು ಒರೆಸಿದ.

"ಗೊತ್ತು" ಎಂದ.

"ಗೊತ್ತಾ?"

"ಬೇಸಿಗೆಯಿಂದ ಗೊತ್ತು. ಅದಕ್ಕೇ ಅಲ್ವಾ ಚಾಕು ಅಷ್ಟು ಚೂಪು ಮಾಡಿ ಕೊಡ್ತಿರೋದು. ಭಾರ ಹಾಕದೇ ಕೊಯ್ಲಿ ಅಂತ."

"ಚಾಕು ಚೂಪಾದ್ರೆ ಕೈ ನಿಲ್ಲುತ್ತಾ? ನಾವೇ ಕೊಯ್ದು ಕೊಡೋಣ."

"ಅಪ್ಪನಿಗೆ? ಎಲ್ಲರೆದುರಿಗೆ? ಅವತ್ತೇ ಸಾಯ್ತಾನೆ."

"ಈಗೇನು ಮಾಡ್ತಿದ್ದಾರೆ? ನಿಧಾನಕ್ಕೆ ಸತ್ರೆ ಮರ್ಯಾದೆನಾ?"

"ನಿಮ್ಮ ಕಡೆ ಬೇರೆ ಗಾಡ್ಜಾ."

"ನಮ್ಮ ಕಡೆ ನಮ್ಮಜ್ಜನ ಕಣ್ಣು ಹೋಗಿತ್ತು. ಅವರ ಮೀನಿನ ಮುಳ್ಳು ನಾವು ಮಕ್ಕಳು ತೆಗೀತಿದ್ವಿ, ನಾನು ತೆಗೀತೀನಿ ನಾನು ತೆಗೀತೀನಿ ಅಂತ ಜಗಳ ಆಡ್ಕೊಂಡು. ಅಜ್ಜ ಯಾವತ್ತೂ ಕೂಸಾಗ್ಲಿಲ್ಲ. ಸಾಯೋವರೆಗೂ ನಮ್ಮ ಕಿವಿ ಹಿಂಡ್ತಾನೇ ಇದ್ರು."

"ಮೀನು ಮೀನು. ಇದು ಬಾಡು" ಎಂದ ಮಾಹ್ತೆ, ಹಿರಿಯರಿಂದ ಬಂದ ತರ್ಕವನ್ನು ಹಾಗೇ ಒಪ್ಪಿಸುತ್ತಾ. ಆಮೇಲೆ ತಲೆ ಎತ್ತದೆ ಅಂದ: "ಆ ಹಾಡು ಕಟ್ಟಿದ್ದು ಅವನೇ ಕಣೆ. ಅವನಿಗೆ ಅದರ ಮುಂದಿನ ಸಾಲು ಚೆನ್ನಾಗಿ ಗೊತ್ತು."

*

ಹಿಂಡು ಕೂಡಿಸಿ, ಕಡಿಯಬೇಕಾದದ್ದನ್ನು ಕಡಿದು ಮುಗಿಸಿದ ದಿನ ಹಿಂಡಿನ ಪಾಲುಗಾರರೆಲ್ಲ ಮಾಹ್ತೆಯ ಮನೆಗೆ ಊಟಕ್ಕೆ ಬರುವುದು ವಾಡಿಕೆ. ಒಬ್ಬನಿಗೇ ಕೊಯ್ದು ಕೊಟ್ಟರೆ ತಾನೇ ಅವಮಾನ, ಎಲ್ಲರಿಗೂ ಕೊಟ್ಟರೆ ಯಾರಿಗೆ ಅವಮಾನ ಎಂದು ಗಾಡ್ಜಾ ಲೆಕ್ಕ ಹಾಕಿದಳು. ಅಂದು ಬೆಳಗಿನಿಂದ ಕೂತು ಅಷ್ಟೂ ಬಾಡನ್ನು ಮೂಳೆಯಿಂದ ಬಿಡಿಸಿ, ತುತ್ತು ತುತ್ತಾಗಿ ಹೆಚ್ಚಿ, ನಲ್ಲಿಮೂಳೆಯ ಮಜ್ಜೆಯನ್ನೂ ಬಡಿದು ತೆಗೆದು, ಗಟ್ಟಿ ಸಾರು ಮಾಡಿ ಬಟ್ಟಲು ಬಟ್ಟಲಿಗೆ ಬಡಿಸಿಟ್ಟಳು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಮೇಜಿನ ಸುತ್ತ ಕೂತವರಲ್ಲಿ. ಚಾಕುವಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೂತ ಗಂಡಸರು ಬಟ್ಟಲು ನೋಡಿದರು, ಚಮಚ ನೋಡಿದರು.

"ಚೆನ್ನಾಗಿದೆ" ಎಂದಳು ರಾವ್ದನಾ. "ಯಾರಿಗೋಸ್ಕರ ಇದು?"

ಎಲ್ಲರೂ ಸಭ್ಯರು. ಯಾರೊಬ್ಬರೂ ಆಸ್ಲತನ ಕಡೆ ತಿರುಗಲಿಲ್ಲ. ಅಷ್ಟು ಜನ ಒಟ್ಟಿಗೆ ಒಬ್ಬನನ್ನು ನೋಡದೆ ಕೂತರೆ ಅದಕ್ಕಿಂತ ದೊಡ್ಡ ತೋರುಬೆರಳು ಯಾವುದಿದೆ? ಕೊನೆಯಲ್ಲಿ ಕೂತಿದ್ದ ನಿಲ್ಲಾಸ್ ಎಂಬವನು, ಬೇಕೆಂದೋ ಅಭ್ಯಾಸಬಲದಿಂದಲೋ, ಮೂಗಿನಲ್ಲೇ ಒಂದು ರಾಗ ಗುನುಗಿ ತಟ್ಟನೆ ನಿಲ್ಲಿಸಿದ. ಪಿಯೆರಾನ ಹಾಡಿನ ಹಕ್ಕಿಮರಿಯ ಚಿಲಿಪಿಲಿಯ ರಾಗ ಅದು.

ಮುದುಕ ಎದ್ದ. "ನಂದು ಮೊದ್ಲೇ ಆಗಿದೆ. ನೀವು ತಿನ್ನಿ" ಎಂದು ಕಾಫಿಯ ಬಟ್ಟಲನ್ನೂ ಮೇಜಿನ ಮೇಲೇ ಬಿಟ್ಟು ತನ್ನ ಕೋಣೆಗೆ ಹೋದ. ನಡೆಯುವಾಗ ಒಂದು ಕೈಯಲ್ಲಿ ಬೆಲ್ಟು ಹಿಡಿದುಕೊಂಡಿದ್ದ.

ಅಂದಿನಿಂದ ಅವನು ಮೇಜಿಗೆ ಬರಲಿಲ್ಲ. ಗಾಡ್ಜಾ ಕೋಣೆಗೇ ತಟ್ಟೆ ತೆಗೆದುಕೊಂಡು ಹೋದಳು, ಬಾಗಿಲು ಹಾಕಿಕೊಂಡು ಬೇಡಿಕೊಂಡಳು. "ಯಾರೂ ನೋಡಲ್ಲ ಮಾವ. ನಾನೂ ಆಚೆ ತಿರುಗ್ತೀನಿ."

"ನೀನು ನೋಡಿ ಆಗಿದೆಯಲ್ಲಮ್ಮ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

*

ಸೂರ್ಯನೇ ಹುಟ್ಟದೆ ಹಗಲೂ ಕತ್ತಲಾಗಿರುವ ಚಳಿಗಾಲದ ತಿಂಗಳಲ್ಲಿ ಅವನು ಹೊಸ್ತಿಲ ಹತ್ತಿರ ಕುಸಿದು ಬಿದ್ದ. ಕಾಲು ಮುರಿಯಲಿಲ್ಲ, ಏಳಲು ಶಕ್ತಿ ಇರಲಿಲ್ಲ, ಅಷ್ಟೆ. ಕಡಲ ದಡದ ಪಟ್ಟಣದ ಆಸ್ಪತ್ರೆಗೆ ಸಾಗಿಸಿದರು. ಬೆಲ್ಟನ್ನೂ ಚಾಕುವನ್ನೂ ಅಲ್ಲಿ ತೆಗೆದಿಟ್ಟು, ಬೆನ್ನಲ್ಲಿ ಕಟ್ಟುವ ಬಿಳಿ ಅಂಗಿ ತೊಡಿಸಿದರು.

ಗಾಡ್ಜಾ ನೋಡಲು ಹೋದಾಗ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಎಲ್ಲೋ ದೂರದ ದೇಶದಿಂದ ಬಂದ ದಪ್ಪನೆಯ ಆಯಾ ಒಬ್ಬಳು ಹಾಸಿಗೆಯ ಅಂಚಿನಲ್ಲಿ ಕೂತು, ಹಿಸುಕಿದ ಆಲೂಗಡ್ಡೆಗೆ ಬಾಡಿನ ಪುಡಿ ಕಲಸಿ ಚಮಚದಲ್ಲಿ ತಿನ್ನಿಸುತ್ತಿದ್ದಳು. ಅವಳಿಗೆ ನಮ್ಮ ಭಾಷೆಯೂ ಬಾರದು, ಪಿಯೆರಾನ ಹಾಡೂ ಗೊತ್ತಿಲ್ಲ. ಮುದುಕ ಕತ್ತು ಮುಂದೆ ಚಾಚಿ ಚಾಚಿ ತಿನ್ನುತ್ತಿದ್ದ. ಚಮಚ ತಟ್ಟೆಗೆ ಹೋಗಿ ಬರುವಷ್ಟು ಹೊತ್ತನ್ನೂ ಬಾಯಿ ಕಾಯಲಾರದೆ ತೆರೆದೇ ಇತ್ತು.

ಸೊಸೆಯ ನೆರಳು ಕಂಡ ತಕ್ಷಣ ಅವನು ತುಟಿ ಬಿಗಿದ. ಚಮಚ ಗಲ್ಲಕ್ಕೆ ತಾಗಿ ಆಲೂಗಡ್ಡೆ ಅಂಗಿಯ ಮೇಲೆ ಬಿತ್ತು.

ಗಾಡ್ಜಾ ಹಿಂದಕ್ಕೆ ಸರಿದು ಪಡಸಾಲೆಯ ಗೋಡೆಗೆ ಒರಗಿ ನಿಂತಳು. ಒಳಗೆ ಮತ್ತೆ ತಟ್ಟೆಗೆ ಚಮಚ ತಾಗುವ ಸದ್ದು ಶುರುವಾಗಲಿ ಎಂದು, ಕಡಲ ಮೇಲೆ ಹೋದ ದೋಣಿಯ ಸದ್ದಿಗೆ ಕಾಯುವವಳಂತೆ ಕಾದಳು. ಶುರುವಾಯಿತು. ಆ ಹೆಂಗಸು ಖಾಲಿ ತಟ್ಟೆ ಹಿಡಿದು ಹೊರಗೆ ಬಂದ ಮೇಲೆಯೇ ಅವಳು ಒಳಗೆ ಹೋದದ್ದು.

"ಈಗ್ಲೇ ಬಂದ್ಯಾ?" ಎಂದ ಮುದುಕ.

"ಈಗ್ಲೇ ಬಂದೆ ಮಾವ."

"ಏನಾದ್ರೂ ನೋಡಿದ್ಯಾ?"

"ಏನು?"

ಮುದುಕ ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಒಳ್ಳೇದು" ಎಂದ. ಆಮೇಲೆ, "ಇಲ್ಲಿನ ಕಾಫಿ ಬಾಯಿಗಿಡೋಕ್ಕಾಗಲ್ಲ. ನಾಯಿ ಹೇಗಿದೆ?"

"ಇಳಿದಿದೆ ಮಾವ."

ಅವನು ನಕ್ಕ. ನಗು ಕೆಮ್ಮಾಯಿತು. ಆ ಕೆಮ್ಮು ಹೋಗಲಿಲ್ಲ. ಎದೆಗೆ ನೀರಿಳಿದು, ಆ ವಾರ ಮುಗಿಯುವುದರೊಳಗೆ ಆಸ್ಲತ್ ಸತ್ತ.

ವೈದ್ಯ ಮಾಹ್ತೆಯನ್ನು ಕೂರಿಸಿಕೊಂಡು ಮೆಲ್ಲನೆ ಹೇಳಿದ: ಕಾಯಿಲೆ ಎದೆಯದು ನಿಜ, ಆದರೆ ಅದರೊಡನೆ ಸೆಣಸಲು ಮೈಯಲ್ಲಿ ಏನೂ ಉಳಿದಿರಲಿಲ್ಲ, ತಿಂಗಳುಗಟ್ಟಲೆ ಹೊಟ್ಟೆಗೆ ಇಲ್ಲದವರ ಮೈ ಹೀಗಿರುತ್ತದೆ. ಮನೆಯಲ್ಲಿ ಊಟಕ್ಕೆ ತೊಂದರೆ ಇತ್ತೇ?

"ಮೂರು ಫ್ರೀಜರ್ ಇದೆ" ಎಂದ ಮಾಹ್ತೆ. ಆಮೇಲೆ ಕಾರಿನಲ್ಲಿ ಕೂತು ಕೀಲಿ ತಿರುಗಿಸದೆ ಇದ್ದ. ಅವನ ಜೇಬಿನಲ್ಲಿ ಅಪ್ಪನ ಚಾಕು ಇತ್ತು, ಆ ವಾರವಷ್ಟೇ ಮಸೆದದ್ದು.

*

ಮಣ್ಣಿನ ದಿನ ಊಟಕ್ಕೆ ಮತ್ತೆ ಅದೇ ಜನ, ಅದೇ ಮೇಜು, ನಡುವೆ ಅದೇ ದೊಡ್ಡ ಪಾತ್ರೆ. ಈ ಸಲ ಬಾಡು ಮೂಳೆಯ ಮೇಲೇ ಇತ್ತು. ಸತ್ತವನ ಮರ್ಯಾದೆಗೆ ಹಾಗೇ ಇರಬೇಕು ಎಂದು ರಾವ್ದನಾ ಅಪ್ಪಣೆ ಮಾಡಿದ್ದಳು. ಅಣ್ಣನ ಗುಣವನ್ನು ಹೇಳಿದ್ದನ್ನೇ ಹೇಳುತ್ತಿದ್ದಳು. "ಕೊನೇವರೆಗೂ ಯಾರ ಹಂಗಲ್ಲೂ ಇರ್ಲಿಲ್ಲ. ಅವನ ಮೂಳೆಗೆ ಅವನೇ ಚಾಕು ಹಾಕಿದ. ಗಂಡಸು ಅಂದ್ರೆ ಹಾಗಿರ್ಬೇಕು."

ಗಂಡಸರು ತಲೆದೂಗಿದರು. ಗಾಡ್ಜಾಳಿಗೆ ಏನೋ ಸಣ್ಣ ಸದ್ದು ಕೇಳಿಸಿತು. ಟಕಟಕ. ಅವಳು ಒಲೆಯ ಕಡೆ ತಿರುಗಲಿಲ್ಲ. ಈಗ ಅವಳಿಗೆ ಗೊತ್ತಿತ್ತು. ರಾವ್ದನಾಳ ತಟ್ಟೆಯಲ್ಲಿ ತುಂಬು ಬಾಡಿನ ಭುಜದ ಮೂಳೆ, ಅದರ ಮೇಲೆ ಒರಗಿಸಿದ ಚಾಕು. ಮುದುಕಿಯ ಕರಿಯ ಉಡುಪಿನ ತೋಳು ಮಣಿಕಟ್ಟಿನ ಸುತ್ತ ಎರಡು ಸುತ್ತು ಬರುವಷ್ಟು ಸಡಿಲವಾಗಿತ್ತು. ಮೇಜಿನ ಕೆಳಗಿಂದ ಚಾಪ್ಪಾ ಎದ್ದು ಮೈಮುರಿದು ಅವಳ ಕಾಲಬುಡಕ್ಕೆ ಹೋಗಿ ಕೂತಿತು. ಅದಕ್ಕೂ ಗೊತ್ತಿತ್ತು.

"ನಾನು ಮನೇಲೇ ಒಂಚೂರು ತಿಂದ್ಕೊಂಡು ಬಂದೆ" ಎಂದಳು ರಾವ್ದನಾ, ಯಾರೂ ಕೇಳದಿದ್ದರೂ.

ಗಾಡ್ಜಾ ಎದ್ದಳು. ಮೇಜು ಸುತ್ತಿಕೊಂಡು ಹೋಗಿ ಮುದುಕಿಯ ಪಕ್ಕ ನಿಂತು, ಅವಳ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ತನ್ನ ಚಾಕು ಹಿರಿದು, ಆ ಮೂಳೆಯಿಂದ ಬಾಡನ್ನು ಕೊಯ್ಯಲು ಶುರು ಮಾಡಿದಳು. ಎಲ್ಲರೆದುರಿಗೆ. ಹಿಂಡಿನ ಪಾಲುಗಾರರ ಎದುರಿಗೆ, ಪಾದ್ರಿಯ ಎದುರಿಗೆ. ಶಿಶುವಿಹಾರದಲ್ಲಿ ಹೆಚ್ಚಿದಂತೆ, ತುತ್ತಿಗೊಂದು ತುಂಡು.

ಚಾಕುಗಳ ಸದ್ದು ನಿಂತಿತು.

"ಏನೇ ಮಾಡ್ತಿದ್ದೀಯ?" ರಾವ್ದನಾಳ ದನಿ ಸೀಳಿಹೋಗಿತ್ತು. "ನಾನೇನು ಕೂಸಾ?"

"ಅಲ್ಲ ಅತ್ತೆ. ಕೂಸಾಗಿದ್ರೆ ಅತ್ತು ಕೇಳ್ತಿತ್ತು."

ಮೇಜಿನ ಕೊನೆಯಿಂದ ಮೂಗಿನಲ್ಲಿ ಒಂದು ರಾಗ ಎದ್ದಿತು. ನಿಲ್ಲಾಸನದೇ. ಈ ಸಲ ಅಭ್ಯಾಸಬಲವಾಗಿರಲಿಲ್ಲ. ಒಬ್ಬಿಬ್ಬರ ಮೀಸೆಯೂ ಅಲುಗಿತು.

ಆಗ ಮಾಹ್ತೆ ತನ್ನ ತಟ್ಟೆಯನ್ನು ಎತ್ತಿದ. ಎರಡೂ ಕೈ ಗಟ್ಟಿಯಾಗಿರುವ, ಬೆಳಿಗ್ಗೆ ತಾನೇ ಹೆಪ್ಪುಗಟ್ಟಿದ ನೆಲವನ್ನು ಗುದ್ದಲಿಯಲ್ಲಿ ಒಡೆದು ಅಪ್ಪನಿಗೆ ಗುಂಡಿ ತೋಡಿದ್ದ ಆ ಗಂಡಸು, ಮೂಳೆಯ ಸಮೇತ ತಟ್ಟೆಯನ್ನು ಹೆಂಡತಿಯ ಮುಂದೆ ಇಟ್ಟ.

"ನಂದೂ ಕೊಯ್ದು ಕೊಡು" ಎಂದ. ಆಮೇಲೆ ನಿಲ್ಲಾಸನ ಕಡೆ ತಿರುಗಿ, "ಹಾಡಪ್ಪ. ಪೂರ್ತಿ ಹಾಡು. ಕಟ್ಟಿದೋನ ಮಣ್ಣಿಗೆ ಬಂದಿದ್ದೀಯ."

ರಾಗ ನಿಂತಿತು.

ಗಾಡ್ಜಾ ತಟ್ಟೆಯನ್ನು ಮುದುಕಿಯ ಮುಂದೆ ಸರಿಸಿದಳು. ರಾವ್ದನಾ ಅದನ್ನು ನೋಡಿದಳು. ಪಾತ್ರೆಯಿಂದ ಏಳುತ್ತಿದ್ದ ಹಬೆ ಕಡಿಮೆಯಾಯಿತು. ಅವಳು ಒಂದು ತುಂಡನ್ನು ಬೆರಳಲ್ಲಿ ಎತ್ತಿಕೊಂಡಳು; ನಡುಗುವ ಬೆರಳಿಗೂ ಅಷ್ಟು ಸಾಧ್ಯವಿತ್ತು. ಬಾಯಿಗಿಟ್ಟುಕೊಂಡಳು. ಇನ್ನೊಂದು ಎತ್ತಿಕೊಂಡಳು.

"ಉಪ್ಪು ಕಮ್ಮಿ" ಎಂದಳು.

ಆ ದಿನ ನಾಯಿಗೆ ಬರೀ ಮೂಳೆ ಸಿಕ್ಕಿತು.